ಅರ್ಧ ಸೇತುವೆಗೆ ಪೂರ್ತಿ ರುಜು

ಬೆಳಗ್ಗೆ ಎಂಟೂಮುಕ್ಕಾಲಾದರೆ ಸಾಕು, ನನ್ನ ಹೊಲಿಗೆ ಯಂತ್ರ ನಿಂತುಬಿಡುತ್ತಿತ್ತು. ಕರೆಂಟು ಹೋಗಿ ಅಲ್ಲ, ದಾರ ಕಡಿದೂ ಅಲ್ಲ. ಮಗಳು ಬ್ಯಾಗು ಹೆಗಲಿಗೇರಿಸಿ ಕಾಲುವೆಯ ಕಡೆ ಹೊರಡುವ ಹೊತ್ತು ಅದು. ನಾನು ಬಾಗಿಲಿಗೆ ಬಂದು, ಅವಳು ಹಲಗೆ ದಾಟಿ ಆಚೆ ದಡ ಸೇರುವ ತನಕ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಅವಳಿಗೆ ಏಳು ವರ್ಷ. ಹಲಗೆ ಒಂದೂವರೆ ಅಡಿ ಅಗಲ. ಕೆಳಗೆ ಆಳೆತ್ತರದ ಕಾಲುವೆ, ಅದರ ಎರಡೂ ಮಗ್ಗುಲಲ್ಲಿ ಚೂಪಾಗಿ ಎದ್ದು ನಿಂತ ತುಕ್ಕು ಹಿಡಿದ ಕಂಬಿಗಳು.

ಇದು ಒಂದು ದಿನದ ಮಾತಲ್ಲ ಅಕ್ಕಂದಿರೇ, ಅಣ್ಣಂದಿರೇ. ಎಂಟು ತಿಂಗಳು ಹೀಗೇ ನಡೆಯಿತು.

ನಮ್ಮ ಬೀದಿ ಕಾಲುವೆಯ ಈಚೆಗಿದೆ. ಮೂವತ್ತೆರಡು ಮನೆ. ಶಾಲೆ, ಆಸ್ಪತ್ರೆ, ಬಸ್ಸು, ಅಂಗಡಿ, ನನಗೆ ಬಟ್ಟೆ ಕೊಡುವ ಗಿರಾಕಿಗಳು ಎಲ್ಲ ಆಚೆಗೆ. ನಡುವೆ ಒಂದು ಹಳೇ ಸೇತುವೆ ಇತ್ತು. ತಡೆಗೋಡೆ ಉದುರಿತ್ತು, ಮೇಲೆ ಗುಂಡಿ ಬಿದ್ದಿತ್ತು, ಆದರೂ ನಡೆದಾಡಲು ಅಡ್ಡಿಯಿರಲಿಲ್ಲ. ಹೊಸದು ಮಂಜೂರಾಗಿದೆ ಎಂದಾಗ ನಾವೆಲ್ಲ ಕುಣಿದಾಡಿದೆವು. ಕಂಟ್ರಾಕ್ಟರ್ ಯಂತ್ರ ತಂದ, ಮಧ್ಯಾಹ್ನದ ಊಟದೊಳಗೆ ಹಳೆಯದನ್ನು ಒಡೆದು ಪುಡಿ ಮಾಡಿದ. ಒಡೆಯುವುದರಲ್ಲಿ ಅವನಷ್ಟು ಚುರುಕಿನ ಮನುಷ್ಯನನ್ನು ನಾನು ಕಂಡಿಲ್ಲ.

"ಮೂರೇ ತಿಂಗಳು ಅಕ್ಕಾ. ನಿಮ್ಮ ಮಗಳು ಈ ಸೇತುವೆ ಮೇಲೆ ಸೈಕಲ್ ಹೊಡ್ಕೊಂಡು ಶಾಲೆಗೆ ಹೋಗ್ತಾಳೆ, ನೋಡ್ತಿರಿ," ಅಂದ.

ಎರಡು ದಡದಲ್ಲೂ ಗೋಡೆ ಎದ್ದಿತು. ಆಮೇಲೆ ಕಾಂಕ್ರೀಟ್ ಕಲಸುವ ಮಿಷನ್ನು ರಿಪೇರಿಗೆಂದು ಹೋಯಿತು, ತಿರುಗಿ ಬರಲಿಲ್ಲ. ಕಾಂಕ್ರೀಟಿಗೆ ಕೆಳಗಿನಿಂದ ಆಸರೆ ಕೊಡುವ ಸೆಂಟ್ರಿಂಗ್ ಹಲಗೆಗಳನ್ನು ಟೆಂಪೋಗೆ ತುಂಬಿಕೊಂಡು ಹೋದರು. ಕೂಲಿಯವರು ಒಬ್ಬೊಬ್ಬರಾಗಿ ಕಾಣದಾದರು. ಉಳಿದದ್ದು ಒಂದು ಜಲ್ಲಿ ರಾಶಿ, ತಂತಿಯಲ್ಲಿ ಬಿಗಿದ ಎರಡು ಹಲಗೆ. ಹಲಗೆ ಬೇಡವೆಂದರೆ ದೊಡ್ಡ ರಸ್ತೆ ಬಳಸಿಕೊಂಡು ಹೋಗಬೇಕು. ಅದು ಒಂದು ಗಂಟೆ ನಡಿಗೆ, ಅದೂ ಲಾರಿಗಳ ನಡುವೆ.

ಅವನ ಗುಟ್ಟು ನಮಗೆ ತಡವಾಗಿ ತಿಳಿಯಿತು. ಅವನು ಆರು ಕಡೆ ಒಟ್ಟಿಗೆ ಕೆಲಸ ಹಿಡಿದಿದ್ದ. ಇದ್ದದ್ದು ಮಾತ್ರ ಒಂದೇ ಜೊತೆ ಸೆಂಟ್ರಿಂಗ್, ಒಂದೇ ಗುಂಪು ಆಳು. ಪ್ರತಿ ಜಾಗದಲ್ಲೂ ಒಂದು ಜಲ್ಲಿ ರಾಶಿ ಸುರಿದಿಟ್ಟರೆ ಕೆಲಸ ನಡೆಯುತ್ತಿದೆ ಎಂದು ಜನ ನಂಬುತ್ತಾರೆ. ಯಾವ ಬೀದಿಯವರು ಜಾಸ್ತಿ ಕಿರುಚುತ್ತಾರೋ ಅಲ್ಲಿ ಎರಡು ದಿನ ಬಂದು ಸದ್ದು ಮಾಡುತ್ತಾನೆ. ನಾವು ಕಿರುಚಿದಾಗಲೂ ಬಂದ. ಎರಡು ಬುಟ್ಟಿ ಮರಳು ಅತ್ತಿಂದಿತ್ತ ಹಾಕಿಸಿ ಹೋದ.

ಫೋನು ಮಾಡಿದರೆ ಬೆಣ್ಣೆಯಂಥ ಮಾತು.

"ಅಕ್ಕಾ, ನಾಳೆ ಬೆಳಗ್ಗೆ ಎದ್ದು ಬಾಗಿಲು ತೆಗೀರಿ, ನಾನು ನಿಂತಿರ್ತೀನಿ."

"ಮೊನ್ನೇನೂ ಹಂಗೇ ಅಂದ್ರಲ್ಲ ಸ್ವಾಮಿ?"

"ಮೊನ್ನೆ ಸಿಮೆಂಟ್ ಬರ್ಲಿಲ್ಲ ಅಕ್ಕಾ. ನಾಳೆ ಗ್ಯಾರಂಟಿ."

ಬೀದಿಯ ಮಕ್ಕಳು ಅವನಿಗೆ ನಾಳೆಯಪ್ಪ ಅಂತ ಹೆಸರಿಟ್ಟರು. ದೊಡ್ಡವರೂ ಅದನ್ನೇ ಹಿಡಿದುಕೊಂಡೆವು. ನಕ್ಕೆವು ಕೂಡ. ಬೆಳಗ್ಗೆ ಎಂಟೂಮುಕ್ಕಾಲಿಗೆ ಮಾತ್ರ ನನಗೆ ನಗು ಬರುತ್ತಿರಲಿಲ್ಲ.

ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಬೆಳಕು ಹರಿಯುವ ಮುಂಚೆ ಹೊರಟುಬಿಡುತ್ತಾರೆ. ಮನೆಯಲ್ಲಿ ನಾನು, ಮಗಳು, ಮಾವ. ಮಾವ ಗಾರೆ ಮೇಸ್ತ್ರಿ. ಐವತ್ತು ವರ್ಷ ಕರಣೆ ಹಿಡಿದ ಕೈ. ಈಗ ಕೆಲಸ ಬಿಟ್ಟಿದ್ದಾರೆ, ಆದರೆ ಬೀದಿಯಲ್ಲಿ ಯಾರೇ ಗೋಡೆ ಕಟ್ಟಿಸಲಿ, ನೀರಿನ ತೊಟ್ಟಿ ಕಟ್ಟಿಸಲಿ, ಕೊನೆಗೆ ಮಾವ ಬಂದು ಬೆರಳಗೆಣ್ಣಿನಲ್ಲಿ ಕುಟ್ಟಿ ನೋಡಿ "ಸರಿಯಿದೆ" ಅನ್ನಬೇಕು. ಅವರು ಅನ್ನುವ ತನಕ ಕೆಲಸ ಮುಗಿದ ಲೆಕ್ಕಕ್ಕಿಲ್ಲ. ಅವರು ಅಂದ ಮೇಲೆ ಯಾರೂ ಎದುರಾಡುವುದಿಲ್ಲ. ಇದು ನಮ್ಮ ಬೀದಿಯ ರೂಢಿ. ಈ ರೂಢಿ ನಾಳೆಯಪ್ಪನಿಗೂ ಗೊತ್ತಿತ್ತು.

ನಾನು ಗೊಣಗಿದಾಗಲೆಲ್ಲ ಮಾವ ಅವನ ಪರ ನಿಲ್ಲುತ್ತಿದ್ದರು.

"ಅವನಪ್ಪನ ಕೈಕೆಳಗೆ ನಾನು ಹತ್ತು ವರ್ಷ ದುಡಿದಿದೀನಿ ಕಣಮ್ಮ. ಒಳ್ಳೇ ಮನೆತನ. ಕಟ್ಟಡದ ಕೆಲಸ ಅಂದ್ರೆ ನಿನ್ನ ಜಾಕೀಟು ಹೊಲಿದಂಗಲ್ಲ, ಸಂಜೆಗೆ ಕೊಡೋಕೆ."

"ಜಾಕೀಟು ಒಂದಿನ ತಡ ಆದ್ರೆ ಯಾರೂ ಕಾಲುವೆಗೆ ಬೀಳಲ್ಲ ಮಾವ."

"ನಿಂಗೆ ಬರೀ ಕೆಟ್ಟದ್ದೇ ಹೊಳೆಯುತ್ತೆ," ಎಂದು ಅವರು ಆಚೆ ಮುಖ ತಿರುಗಿಸಿ ಕೂತರು.

ಹೌದು, ನನಗೆ ಕೆಟ್ಟದ್ದೇ ಹೊಳೆಯುತ್ತಿತ್ತು. ಹಾಲು ಹಾಕುವವನು ಆ ಹಲಗೆಯಿಂದ ಜಾರಿ ಮೊಣಕಾಲು ಮುರಿದುಕೊಂಡು ಆರು ವಾರ ಮಲಗಿದ್ದ. ಅವನು ಗಟ್ಟಿ ಗಂಡಸು. ಏಳು ವರ್ಷದ ಹುಡುಗಿ ಬಿದ್ದರೆ ಬೀಳುವುದು ಕಂಬಿಯ ಮೇಲೆ. ಇದನ್ನು ನೆನೆದು ಎಷ್ಟೋ ಸಲ ಸೂಜಿ ಬಟ್ಟೆಯ ಬದಲು ನನ್ನ ಬೆರಳಿಗೇ ಹೊಕ್ಕಿತ್ತು.

ಮಳೆಗಾಲಕ್ಕೆ ಮೂರು ವಾರ ಉಳಿದಿತ್ತು. ಕಾಲುವೆ ತುಂಬಿ ಹರಿದರೆ ಹಲಗೆಯೂ ಇರುವುದಿಲ್ಲ.

ಒಂದು ದಿನ ನಮ್ಮ ಪೋಸ್ಟಕ್ಕ ಬಾಗಿಲಿಗೆ ಬಂದಳು. ಕಾಗದ ಹಂಚುವ ಹೆಂಗಸು, ಹತ್ತು ವರ್ಷದಿಂದ ನಮ್ಮ ಬೀದಿಗೆ ಅವಳೇ. ಮನೆ ಇರುವುದು ಕಾಲುವೆಯ ಆಚೆ. ಅವತ್ತು ಸೀರೆಯ ಅಂಚೆಲ್ಲ ಕೆಸರು, ಮೊಣಕೈ ತರಚಿ ರಕ್ತ, ಕೈಯಲ್ಲಿ ಒದ್ದೆಯಾದ ಕಾಗದದ ಕಟ್ಟು.

"ನಾನು ಬಿದ್ರೂ ಚಿಂತೆಯಿಲ್ಲ, ಇನ್ನೊಬ್ಬರ ಕಾಗದ ನೀರಿಗೆ ಬಿತ್ತಲ್ಲೇ," ಎಂದು ಕೂತಳು. ನಾನು ಗಾಯ ತೊಳೆದೆ.

"ಕಾಮಗಾರಿ ಆಫೀಸಿಗೆ ಏನಂತ ಬರ್ಕೊಟ್ಟಿದೀರಿ?" ಎಂದು ಕೇಳಿದಳು.

"ಬರೆಯೋದೇನಕ್ಕ? ಫೋನ್ ಮಾಡಿ ಮಾಡಿ ನನ್ನ ಗಂಟಲು ಬಿದ್ದು ಹೋಗಿದೆ. ಎಲ್ಲರೂ ಹೋಗಿ ಅವನ ಹತ್ತಿರ ಜಗಳ ಆಡಿ ಬಂದಿದೀವಿ."

"ಅಂದ್ರೆ ಎಂಟು ತಿಂಗಳಿಂದ ಒಂದೂ ಚೀಟಿ ಕೊಟ್ಟಿಲ್ಲ." ಪೋಸ್ಟಕ್ಕನಿಗೆ ಸಿಟ್ಟು ಬಂದಿತ್ತು. "ನೀವು ಕೂಗಾಡಿದ್ದು ಎಲ್ಲಿ ದಾಖಲಾಗಿದೆ? ಯಾವ ತಾರೀಖು? ನಾಳೆ ಯಾರಾದ್ರೂ ಕೇಳಿದ್ರೆ ಆ ಬೀದಿಯೋರು ಒಂದ್ ದಿನಾನೂ ದೂರೇ ಕೊಟ್ಟಿಲ್ಲ ಅಂತಾನೆ ಅವನು. ನಿಜ ತಾನೆ?"

ಒಳಗಿನಿಂದ ಮಾವ ಬಂದರು. "ಬೇಡಮ್ಮ. ಕಾಗದ ಗೀಗದ ಬರೆದ್ರೆ ಕೆಲಸಗಾರನಿಗೆ ಅವಮಾನ ಮಾಡಿದಂಗೆ. ಮುನಿಸ್ಕೊಂಡು ಪೂರ್ತಿ ಬಿಟ್ಟು ಹೋದ್ರೆ?"

"ಈಗ ಇದ್ದು ಏನು ಮಾಡ್ತಿದಾನೆ ಮೇಸ್ತ್ರಿಗಳೇ?"

"ಮಾಡ್ತಾನೆ, ಮಾಡ್ತಾನೆ. ನಂಗೆ ಮಾತು ಕೊಟ್ಟಿದಾನೆ," ಅಂದರು ಮಾವ. ಧ್ವನಿ ಎಂದಿನಂತಿರಲಿಲ್ಲ. ನಾನು ಅದನ್ನು ಆಗ ಗಮನಿಸಲಿಲ್ಲ, ಸುಳ್ಳು ಹೇಳುವುದೇಕೆ.

ಪೋಸ್ಟಕ್ಕ ಹೇಳಿದ್ದು ಇಷ್ಟು. ಸರ್ಕಾರಿ ಕೆಲಸ ಅಂದ ಮೇಲೆ ಅದಕ್ಕೊಂದು ಆದೇಶ ಇರುತ್ತದೆ. ಯಾರು ಮಾಡಬೇಕು, ಯಾವತ್ತು ಶುರು, ಯಾವತ್ತಿಗೆ ಮುಗಿಯಬೇಕು, ಏನೇನು ಕಟ್ಟಬೇಕು ಎಲ್ಲ ಅದರಲ್ಲಿರುತ್ತದೆ. ಅದನ್ನು ಬೋರ್ಡಿನಲ್ಲಿ ಬರೆದು ಕೆಲಸದ ಜಾಗದಲ್ಲಿ ನಿಲ್ಲಿಸಬೇಕು. ನಮ್ಮಲ್ಲಿ ಬೋರ್ಡೇ ಇರಲಿಲ್ಲ, ನಾವು ಕೇಳಿಯೂ ಇರಲಿಲ್ಲ. "ಆದೇಶದ ನಕಲು ಕೇಳೋದು ನಿನ್ನ ಹಕ್ಕು ಕಣೇ. ಯಾರಪ್ಪನ ಗಂಟೂ ಕೇಳ್ತಿಲ್ಲ. ಶನಿವಾರ ನಂಗೆ ಅರ್ಧ ದಿನ ರಜ, ಬಾ ಹೋಗೋಣ."

ಶನಿವಾರ ಹೋದೆವು. ಕಾಮಗಾರಿ ಕಚೇರಿಯ ಗುಮಾಸ್ತರು ಒಳ್ಳೆಯವರೇ, ಕನ್ನಡಕ ಹಣೆಗೇರಿಸಿಕೊಂಡು ಫೈಲು ಹುಡುಕಿದರು. ಹುಡುಕಿ, ನಮ್ಮನ್ನು ವಿಚಿತ್ರವಾಗಿ ನೋಡಿದರು.

"ಕಾಲುವೆ ಸೇತುವೆ ತಾನೇ? ಅದು ಮುಗಿದಿದೆಯಲ್ಲಮ್ಮ!"

"ಮುಗಿದಿದೆಯಾ? ನಾನು ಈಗ ಹಲಗೆ ಮೇಲೆ ಬಂದೆ ಸಾರ್!"

"ನಿಮ್ಮ ಬೀದಿಯೋರೇ ಬರ್ಕೊಟ್ಟಿದಾರೆ, ನೋಡಿ." ಅವರು ಓದಿದರು: "ಸೇತುವೆ ಕಾಮಗಾರಿಯು ಪೂರ್ಣಗೊಂಡಿರುತ್ತದೆ. ಬೀದಿಯ ನಿವಾಸಿಗಳ ಪರವಾಗಿ ನಾನು ಖುದ್ದು ಪರಿಶೀಲಿಸಿ ತೃಪ್ತನಾಗಿರುತ್ತೇನೆ."

ಕೆಳಗೆ ರುಜು. ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲ. ನನ್ನ ಮದುವೆಯ ದಿನದಿಂದ ನೋಡುತ್ತ ಬಂದ ರುಜು ಅದು. ನಮ್ಮ ಮಾವನದು.

ಪೋಸ್ಟಕ್ಕ ನನ್ನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ಇನ್ನೊಂದು ವಾರದಲ್ಲಿ ಫೈಲು ಮುಚ್ಚುತ್ತೆ," ಅಂದರು ಗುಮಾಸ್ತರು, ದನಿ ತಗ್ಗಿಸಿ. "ಇಂಜಿನಿಯರ್ ಮೇಡಮ್ಮು ಹೊಸಬರು, ಜಾಗ ನೋಡಿಲ್ಲ. ಅವರು ಈ ಕಾಗದ ನೋಡಿ ಮುಕ್ತಾಯ ಅಂತ ಬರೆದ್ರೆ ಮುಗೀತು. ಆಮೇಲೆ ಅವನನ್ನ ಹಿಡಿಯೋದು ಕಷ್ಟ. ಏನಾದ್ರೂ ಮಾಡೋದಿದ್ರೆ ಅಷ್ಟರೊಳಗೆ ಬರವಣಿಗೇಲಿ ಕೊಡಿ."

ದಾರಿಯುದ್ದಕ್ಕೂ ಅದೇ ಯೋಚನೆ. ಮಾವ ಹಣ ತೆಗೆದುಕೊಂಡರೆ? ಛೆ, ಆ ಮನುಷ್ಯ ಇನ್ನೊಬ್ಬರ ಮೊಳೆ ಕೂಡ ಜೇಬಿಗೆ ಹಾಕಿಕೊಂಡವರಲ್ಲ. ಹಾಗಾದರೆ ಯಾಕೆ? ದಿನಾ ಮೊಮ್ಮಗಳು ಆ ಹಲಗೆ ದಾಟುವುದನ್ನು ನೋಡುತ್ತ ಕೂರುವವರು ಮುಗಿದಿದೆ ಎಂದು ಹೇಗೆ ರುಜು ಹಾಕಿದರು? ಕೇಳಿದರೆ ಮನೆಯಲ್ಲಿ ಬಿರುಕು. ಕೇಳದಿದ್ದರೆ ಫೈಲು ಮುಚ್ಚುತ್ತದೆ.

ಎರಡು ದಿನ ಬಾಯಿ ಬಿಡಲಿಲ್ಲ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಹಿರಿಯರ ಮರ್ಯಾದೆ ಅಂದುಕೊಂಡು ಎರಡು ದಿನ ಕಳೆದೆ. ಮೂರನೆಯ ದಿನ ಮಧ್ಯಾಹ್ನ ಮೋಡ ಕವಿಯಿತು. ಮಳೆಗಾಲಕ್ಕೆ ಇನ್ನೂ ಎರಡು ವಾರ ಇತ್ತು, ಆದರೆ ಮಳೆ ಕ್ಯಾಲೆಂಡರ್ ನೋಡಿ ಬರುವುದಿಲ್ಲ.

ಮೂರೂವರೆಗೆ ಶುರುವಾದದ್ದು ಅರ್ಧ ಗಂಟೆ ಬಿಡದೆ ಸುರಿಯಿತು. ಶಾಲೆ ಬಿಡುವ ಹೊತ್ತಿಗೆ ಕಾಲುವೆಯಲ್ಲಿ ಕೆಂಪು ನೀರು ಬುಸುಗುಡುತ್ತ ಹರಿಯುತ್ತಿತ್ತು. ನಾನು ಹೊಲಿದ ಬಟ್ಟೆಗಳನ್ನು ಸೋರುವ ಮೂಲೆಯಿಂದ ಎತ್ತಿಟ್ಟು ಹೊರಗೆ ಬರುವಷ್ಟರಲ್ಲಿ ಮಾವ ಕೊಡೆ ಹಿಡಿದು ಕಾಲುವೆಯ ಹತ್ತಿರ ಹೋಗಿಬಿಟ್ಟಿದ್ದರು. ಆಚೆ ದಡದಲ್ಲಿ ಮಗಳು ನೆನೆದು ತೊಪ್ಪೆಯಾಗಿ ನಿಂತಿದ್ದಳು.

"ಅಲ್ಲೇ ಇರು ಪುಟ್ಟಾ, ತಾತ ಬಂದೆ!" ಎಂದು ಹಲಗೆಯ ಮೇಲೆ ಕಾಲಿಟ್ಟರು.

ಐವತ್ತು ವರ್ಷ ಸಾರುವೆ ಕಟ್ಟಿ ಮೂರು ನಾಲ್ಕು ಅಂತಸ್ತಿನ ಮೇಲೆ ನಡೆದ ಮನುಷ್ಯ. ಅವರಿಗೆ ಎರಡು ಹಲಗೆ ಯಾವ ಲೆಕ್ಕ ಅಂದುಕೊಂಡೆ. ಆದರೆ ನಾಲ್ಕನೇ ಹೆಜ್ಜೆಯನ್ನು ಅವರು ಹಲಗೆಯ ಹೊರಗೆ ಇಟ್ಟರು. ಜಾರಿದ್ದಲ್ಲ. ಅಲ್ಲಿ ಹಲಗೆ ಇದೆ ಎಂದೇ ತಿಳಿದು ಗಾಳಿಯಲ್ಲಿ ಕಾಲಿಟ್ಟರು.

"ತಾತಾ! ಅಲ್ಲಿ ಹಲಗೆ ಇಲ್ಲ!" ಎಂದು ಮಗಳು ಚೀರಿದಳು.

ಹೇಗೋ ಮೈ ಹಿಂದಕ್ಕೆಳೆದು ಮಂಡಿಯೂರಿ ಬಿದ್ದರು. ಕೊಡೆ ನೀರಿಗೆ ಬಿತ್ತು, ಕಣ್ಣು ಮುಚ್ಚಿ ಬಿಡುವುದರೊಳಗೆ ಕಾಣೆಯಾಯಿತು. ಮಾವ ಹಲಗೆಯ ಎರಡೂ ಅಂಚನ್ನು ಕೈಯಲ್ಲಿ ತಡವುತ್ತ ಅಲ್ಲೇ ಕೂತರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಚೆಯಿಂದ ಮಗಳು ತಾನೇ ಹಲಗೆ ಹತ್ತಲು ಬಂದಳು. "ಬರಬೇಡ! ಒಂದು ಹೆಜ್ಜೆ ಇಟ್ಟರೆ ನೋಡು!" ಎಂದು ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿತಂತೆ. ಅಂಬೆಗಾಲಿಟ್ಟು ಹೋಗಿ ಮಾವನ ನಡು ಹಿಡಿದು ಹಿಂದಕ್ಕೆ ಕರೆತಂದೆ. ಮಗಳನ್ನು ಅತ್ತಲಿಂದ ಯಾರೋ ಪೋಸ್ಟಕ್ಕನ ಮನೆಗೆ ಕರೆದುಕೊಂಡು ಹೋದರು. ಅವಳ ಅಪ್ಪ ಬಂದು, ದೊಡ್ಡ ರಸ್ತೆ ಬಳಸಿ ಮನೆ ಸೇರಿಸುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ.

ಮಾವ ಮೂಲೆಯಲ್ಲಿ ಟವೆಲು ಹೊದ್ದು ಕೂತಿದ್ದರು. ನಾನು ಎದುರಿಗೆ ಕೂತೆ.

"ಮಾವ, ನಿಮಗೆ ಹಲಗೆ ಕಾಣಿಸ್ಲಿಲ್ಲ ಅಲ್ವಾ?"

ಹೌದೆಂದು ತಲೆಯಾಡಿಸಿದರು.

"ಒಂದು ವರ್ಷ ಆಯ್ತಮ್ಮ. ಎಲ್ಲಾ ಮಂಜು ಮಂಜು. ಯಾರು ಅಂತ ದನೀಲಿ ಗೊತ್ತಾಗುತ್ತೆ. ಅಕ್ಷರ ಅಂತೂ ಇಲ್ವೇ ಇಲ್ಲ."

"ಯಾಕೆ ಹೇಳ್ಲಿಲ್ಲ?"

"ಮೇಸ್ತ್ರಿಗೆ ಕಣ್ಣಿಲ್ಲ ಅಂದ್ರೆ ಇನ್ಯಾರು ಕರೀತಾರೆ? ಕುಟ್ಟಿ ನೋಡಿ ಅಂತ ಯಾರು ಅಂತಾರೆ?" ಟವೆಲಿನ ಅಂಚಿನಲ್ಲಿ ಮುಖ ಒರೆಸಿಕೊಂಡರು. "ಅವನೊಂದು ಕಾಗದ ತಂದ. 'ಮೇಸ್ತ್ರಿಗಳೇ, ಸಿಮೆಂಟ್ ಬಿಡುಗಡೆ ಆಗೋಕೆ ಬೀದಿ ಹಿರೀರ ರುಜು ಬೇಕಂತೆ. ನೀವು ಹಾಕಿದ್ರೆ ಸೋಮವಾರ ಮೇಲಿನ ಕಾಂಕ್ರೀಟು ಮೋಲ್ಡ್ ಹಾಕಿಬಿಡ್ತೀನಿ' ಅಂದ. ಓದಿ ಹೇಳಪ್ಪಾ ಅಂತ ಕೇಳೋಕೆ ನಾಚಿಕೆ ಆಯ್ತು. ಓದಿದಂಗೆ ಕಣ್ಣಾಡಿಸಿ ಹಾಕ್ಬಿಟ್ಟೆ. ಸೋಮವಾರ ಅವನು ಬರ್ಲಿಲ್ಲ. ಅವತ್ತಿಂದ ನಂಗೆ ಅನುಮಾನ. ಕೇಳೋ ಧೈರ್ಯ ಇರ್ಲಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕಚೇರಿಯಲ್ಲಿ ಕಂಡದ್ದನ್ನು ಹೇಳಿದೆ. ಅವರು ಮುಖ ಮುಚ್ಚಿಕೊಂಡರು. ಆಮೇಲೆ ಟವೆಲು ಕಿತ್ತೆಸೆದು, "ಆ ಪೋಸ್ಟಿನ ಹುಡುಗೀನ ಕರಿ," ಅಂದರು. ಹುಡುಗಿಗೆ ಐವತ್ತು ದಾಟಿದೆ, ಇರಲಿ.

ಮರುದಿನ ನಮ್ಮ ಜಗಲಿಯಲ್ಲಿ ದೂರು ಬರೆದೆವು. ನಾನೇ ಬರೆದೆ, ಪೋಸ್ಟಕ್ಕ ತಿದ್ದಿದಳು. ಬೈಗುಳ ಬೇಡ ಅಂದಳು, ನಾನು ಬರೆದಿದ್ದ ಎರಡು ಒಳ್ಳೊಳ್ಳೆಯ ಬೈಗುಳ ಹೊಡೆದು ಹಾಕಿದಳು. ಬರೀ ಸಂಗತಿ: ಒಡೆದ ದಿನ, ಕೆಲಸ ನಿಂತ ದಿನ, ಹಾಲಿನವನು ಬಿದ್ದ ದಿನ, ಇವತ್ತಿನ ಸ್ಥಿತಿ. ಜೊತೆಗೆ ಆಚೆ ಈಚೆ ನಿಂತು ತೆಗೆದ ಫೋಟೋ. ಮಾವನದು ಬೇರೆ ಹೇಳಿಕೆ: ಕಾಗದದಲ್ಲಿ ಏನಿದೆ ಎಂದು ತಿಳಿಯದೆ ರುಜು ಹಾಕಿದ್ದೇನೆ, ಅದನ್ನು ಹಿಂದಕ್ಕೆ ಪಡೆಯುತ್ತೇನೆ, ಕೆಲಸ ಮುಗಿದಿಲ್ಲ. ಪ್ರತಿ ಸಾಲನ್ನೂ ಎರಡೆರಡು ಸಲ ಓದಿಸಿಕೊಂಡು ಕೇಳಿ ರುಜು ಹಾಕಿದರು.

ಮನೆ ಮನೆಗೆ ಹೋದೆವು. ನಮ್ಮದೂ ಸೇರಿ ಮೂವತ್ತೊಂದು ಮನೆಯವರು ರುಜು ಹಾಕಿದರು. ಇಸ್ತ್ರಿ ಅಂಗಡಿಯವನು ಮಾತ್ರ, "ನಮಗ್ಯಾಕೆ ದೊಡ್ಡೋರ ಉಸಾಬರಿ," ಎಂದು ಬಾಗಿಲು ಹಾಕಿಕೊಂಡ. ಇರಲಿ, ಅವನೂ ದಾಟುವುದು ಅದೇ ಹಲಗೆ.

ಕಚೇರಿಗೆ ಒಂದು ಪ್ರತಿ ಕೊಟ್ಟೆವು. "ನಮ್ಮ ಪ್ರತಿ ಮೇಲೆ ಸೀಲು ಹಾಕಿ, ತಾರೀಖು ಬರೀರಿ," ಎಂದು ಪೋಸ್ಟಕ್ಕ ನಿಂತೇ ಇದ್ದಳು. ಸೀಲು ಬೀಳುವ ತನಕ ಕದಲಲಿಲ್ಲ. ಇನ್ನೊಂದು ಪ್ರತಿ ರಿಜಿಸ್ಟರ್ ಪೋಸ್ಟಿನಲ್ಲಿ ಮೇಲಧಿಕಾರಿಗೆ ಹೋಯಿತು. ಫೈಲು ಮುಚ್ಚಲು ಎರಡು ದಿನ ಉಳಿದಿತ್ತು. ಆ ಎರಡು ದಿನ ನಾನು ಒಂದು ಹೊಲಿಗೆಯನ್ನೂ ನೆಟ್ಟಗೆ ಹಾಕಲಿಲ್ಲ. ಮಗಳನ್ನು ಶಾಲೆಗೂ ಕಳಿಸಲಿಲ್ಲ.

ಎರಡನೆಯ ದಿನ ಇಂಜಿನಿಯರ್ ಮೇಡಂ ಬಂದರು. ಜೊತೆಗೆ ನಾಳೆಯಪ್ಪನೂ. ಬೀದಿಗೆ ಬೀದಿಯೇ ಕಾಲುವೆಯ ದಡದಲ್ಲಿ ಸೇರಿತು. ಮೇಡಂ ಹಲಗೆ ನೋಡಿದರು, ಕಂಬಿ ನೋಡಿದರು, ಕೈಯಲ್ಲಿದ್ದ ಫೈಲು ನೋಡಿದರು.

"ಇದು ಮುಗಿದ ಸೇತುವೆಯಾ?"

ನಾಳೆಯಪ್ಪ ನಕ್ಕ. "ಚೂರುಪಾರು ಬಾಕಿ ಮೇಡಂ. ಬೀದಿ ಹಿರಿಯರೇ ಪರಿಶೀಲಿಸಿ ಒಪ್ಪಿದಾರೆ. ಮೇಸ್ತ್ರಿಗಳ ಮಾತಂದ್ರೆ ಇಲ್ಲಿ ಕಲ್ಲಲ್ಲಿ ಕೆತ್ತಿದಂಗೆ. ಬೇಕಾದ್ರೆ ಕೇಳಿ. ಏನ್ ಮೇಸ್ತ್ರಿಗಳೇ, ಆ ರುಜು ನಿಮ್ಮದೇ ಅಲ್ವಾ?"

ಎಲ್ಲರೂ ಮಾವನ ಕಡೆ ತಿರುಗಿದರು. ಆ ರುಜುವಿನ ವಿಷಯ ಬೀದಿಯ ಯಾರಿಗೂ ನಾವು ಹೇಳಿರಲಿಲ್ಲ. ಹೇಗೆ ಹೇಳುವುದು? ಹೇಳಿಕೆ ಬರೆದು ಕೊಟ್ಟಾಗಿತ್ತು, ಆದರೆ ಎಲ್ಲರೆದುರು ಮಾವ ಸುಮ್ಮನಿದ್ದುಬಿಟ್ಟರೆ ಅದಕ್ಕೆ ಬೆಲೆಯಿರುತ್ತಿರಲಿಲ್ಲ.

ಮಾವ ನನ್ನ ತೋಳು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

"ರುಜು ನಂದೇ. ನಂಗೆ ಕಣ್ಣು ಕಾಣಲ್ಲ ಮೇಡಮ್ಮ. ಒಂದು ವರ್ಷದಿಂದ ಕಾಣಲ್ಲ. ಯಾರಿಗೂ ಹೇಳಿರ್ಲಿಲ್ಲ, ನಾಚಿಕೆ. ಇವನು ಸಿಮೆಂಟಿಗೆ ಅಂದ, ನಾನು ಓದ್ದೆ ಹಾಕ್ದೆ. ನನ್ನ ನಾಚಿಕೆಗೆ ನನ್ನ ಮೊಮ್ಮಗಳು ದಿನಾ ಆ ಹಲಗೆ ಮೇಲೆ ಹೋಗ್ತಿದ್ಲು. ಆ ಕಾಗದ ಸುಳ್ಳು. ಬರೆದಿರೋನು ಇವನು, ಹಾಕಿರೋನು ನಾನು. ಇಬ್ಬರದೂ ತಪ್ಪು."

ಹಾಲಿನವನು ಕುಂಟುತ್ತ ಬಂದು ಮಾವನ ಪಕ್ಕ ನಿಂತ. ಬೈಯುತ್ತಾನೆ ಅಂದುಕೊಂಡೆ. ಅವನು ಮಾವನ ಕೈ ಹಿಡಿದುಕೊಂಡ.

ನಾಳೆಯಪ್ಪನ ಮುಖ ಹುಳ್ಳಗಾಯಿತು. "ಹಿಂಗೆ ದೂರು ಕೊಟ್ರೆ ನಾನು ಕೆಲಸಾನೇ ಬಿಟ್ಟು ಹೋಗ್ತೀನಿ, ನೋಡಿ ಮತ್ತೆ!" ಅಂದ. ಮಾವ ಎಂಟು ತಿಂಗಳು ಹೆದರಿದ್ದು ಇದೇ ಮಾತಿಗೆ.

"ಹೋಗಿ," ಅಂದರು ಮೇಡಂ, ತಲೆಯೆತ್ತದೆ ಬರೆಯುತ್ತ. "ಕರಾರಲ್ಲಿ ಇದೆ. ನೀವು ಬಿಟ್ರೆ ನಿಮ್ಮ ಖರ್ಚಲ್ಲೇ ಬೇರೆಯವರಿಂದ ಮುಗಿಸ್ತೀವಿ, ಮುಂದೆ ನಿಮಗೆ ಇಲ್ಲಿ ಕೆಲಸ ಸಿಗಲ್ಲ. ಇವತ್ತು ಸಂಜೆಯೊಳಗೆ ಈ ಹಲಗೆ ತೆಗೆದು, ಕೈಹಿಡಿ ಇರೋ ಅಗಲವಾದ ದಾರಿ ಹಾಕ್ಬೇಕು. ಕಂಬಿ ತುದಿಗೆಲ್ಲ ಮುಚ್ಚಿಗೆ. ಹದಿನೈದು ದಿನದಲ್ಲಿ ಮೋಲ್ಡ್. ಬೋರ್ಡು ನಾಳೆ." ನಾಳೆ ಎಂಬ ಮಾತಿಗೆ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ಇಲ್ಲಿಗೆ ಎಲ್ಲ ಸುಸೂತ್ರ ಆಯಿತು ಅಂದುಕೊಳ್ಳಬೇಡಿ. ಕೈಹಿಡಿಯ ದಾರಿ ಅದೇ ಸಂಜೆ ಬಂತು, ಬೋರ್ಡೂ ಬಂತು. ಮೋಲ್ಡು ಮಾತ್ರ ಹದಿನೈದನೇ ದಿನಕ್ಕೆ ಬರಲಿಲ್ಲ. ಹದಿನಾರನೇ ದಿನ ಎರಡನೇ ಕಾಗದ ಕೊಟ್ಟೆವು, ಮೊದಲಿನದರ ಸೀಲು ತೋರಿಸಿ. ಈ ಸಲ ಜಗಳವಿಲ್ಲ, ಗಂಟಲು ಬೀಳಲಿಲ್ಲ. ಐದು ದಿನಕ್ಕೆ ಮಿಷನ್ನು ಬಂತು, ಆಳು ಬಂದರು, ಮಳೆ ಬಿಟ್ಟ ಹೊತ್ತು ನೋಡಿ ಕಾಂಕ್ರೀಟು ಹಾಕಿದರು. ಹತ್ತನೇ ದಿನಕ್ಕೇ ನಾಳೆಯಪ್ಪ ಸೆಂಟ್ರಿಂಗ್ ಬಿಚ್ಚಲು ಬಂದ, ಇನ್ನೊಂದು ಬೀದಿಗೆ ಬೇಕಿತ್ತಂತೆ. ಮಾವ ಜಲ್ಲಿ ರಾಶಿಯ ಮೇಲೆ ಕೂತುಬಿಟ್ಟರು. "ಕಣ್ಣಿಲ್ಲ, ಆದ್ರೆ ದಿನ ಎಣಿಸೋಕೆ ಬರುತ್ತಪ್ಪಾ. ಕಾಂಕ್ರೀಟು ಗಟ್ಟಿಯಾಗೋಕೆ ಇಪ್ಪತ್ತೊಂದು ದಿನ ಬೇಕು. ಒಂದು ಹಲಗೆ ಮುಟ್ಟಿದ್ರೆ ಮೇಡಮ್ಮಿಗೆ ಫೋನ್ ಹೋಗುತ್ತೆ," ಅಂದರು. ಅವನು ಮುಟ್ಟಲಿಲ್ಲ.

ಈ ನಡುವೆ ಮಾವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಅಂದಿದ್ದಾರೆ. ಮುಂದಿನ ತಿಂಗಳು ದಿನ ಗೊತ್ತಾಗಿದೆ. ಒಂದು ವರ್ಷ ಮುಚ್ಚಿಟ್ಟದ್ದಕ್ಕೆ ಡಾಕ್ಟರ ಹತ್ತಿರ ಚೆನ್ನಾಗಿ ಬೈಸಿಕೊಂಡರು.

ಮೊನ್ನೆ ಸೋಮವಾರ ನಾಳೆಯಪ್ಪ ಮತ್ತೆ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಕಾಗದ, ಒಂದು ಪೆನ್ನು. ಮುಖದಲ್ಲಿ ಹಳೆಯ ನಗು.

"ಮೇಸ್ತ್ರಿಗಳೇ, ಈಗ ನಿಜವಾಗ್ಲೂ ಮುಗೀತು. ಒಂದು ರುಜು ಹಾಕ್ಬಿಡಿ."

ಮಾವ ಕಾಗದ ಮುಟ್ಟಲಿಲ್ಲ. ಮೊಮ್ಮಗಳನ್ನು ಕರೆದರು. "ಪುಟ್ಟಾ, ಇದನ್ನ ಜೋರಾಗಿ ಓದು."

ಅವಳು ಅಕ್ಷರ ಕೂಡಿಸಿಕೊಂಡು ಓದಿದಳು. ನಾಲಿಗೆ ತೊಡರಿದ ಕಡೆ ನಿಂತು ಮತ್ತೆ ಓದಿದಳು. ನಾಳೆಯಪ್ಪ ಕಾಲು ಬದಲಿಸುತ್ತ ನಿಂತಿದ್ದ. ಐದನೇ ಸಾಲಿಗೆ ಬಂದಳು: "ಸೇತುವೆಯ ಎರಡೂ ಬದಿಗೆ ಕಬ್ಬಿಣದ ಕೈಹಿಡಿ ಅಳವಡಿಸಲಾಗಿದೆ."

ಓದು ನಿಲ್ಲಿಸಿ ತಲೆಯೆತ್ತಿದಳು. "ತಾತಾ, ಒಂದೇ ಕಡೆ ಇದೆ. ಈ ಕಡೆ ಹಗ್ಗ ಕಟ್ಟಿದಾರೆ."

ಮಾವ ಪೆನ್ನಿನ ಮುಚ್ಚಳ ಹಾಕಿ ಅವನ ಜೇಬಿಗೆ ಸಿಕ್ಕಿಸಿದರು. "ಆ ಕಡೇದೂ ಬರ್ಲಿ, ಆಮೇಲೆ ಬಾಪ್ಪಾ."

ಗುರುವಾರ ಹಾಕುತ್ತೇನೆ ಎಂದು ಹೋಗಿದ್ದಾನೆ. ಮೂರನೇ ಕಾಗದ ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬರೆದು ಸಿದ್ಧವಾಗಿದೆ, ಶುಕ್ರವಾರದ ತಾರೀಖು ಹಾಕಿ.

ಅಕ್ಕಾ, ಅಣ್ಣಾ, ಇದನ್ನು ಕೇಳುತ್ತಿರುವ ನಿಮ್ಮ ಬೀದಿಯಲ್ಲೂ ಅರ್ಧಕ್ಕೆ ನಿಂತ ಚರಂಡಿ, ಬಾಗಿಲಿಲ್ಲದ ಶೌಚಾಲಯ, ನೀರು ಕಾಣದ ಟ್ಯಾಂಕು ಒಂದಾದರೂ ಇರಬಹುದು. ಇವತ್ತು ಎದ್ದು ಹೋಗಿ ಅದರ ಮುಂದೆ ನಿಂತು ನೋಡಿ. ಬೋರ್ಡು ಇದೆಯಾ? ಇಲ್ಲದಿದ್ದರೆ ಕಚೇರಿಗೆ ಹೋಗಿ ಆದೇಶದ ನಕಲು ಕೇಳಿ. ಬಾಯಲ್ಲಿ ಬೈದು ಸುಸ್ತಾಗಬೇಡಿ, ಬರೆದು ಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಬೀದಿಯವರೆಲ್ಲ ಸೇರಿ ಹೋಗಿ. ಕಂಟ್ರಾಕ್ಟರ್ ಬಿಟ್ಟು ಹೋಗುತ್ತೇನೆ ಅಂದರೆ ಹೆದರಬೇಡಿ, ಅವನ ಕೈ ಕರಾರಿನಲ್ಲಿ ಕಟ್ಟಿದೆ. ಮತ್ತೆ ಯಾರೇ ಕಾಗದ ತರಲಿ, ಎಷ್ಟೇ ನಗುತ್ತ ತರಲಿ, ಓದದೆ ರುಜು ಹಾಕಬೇಡಿ. ಓದಲು ಬಾರದಿದ್ದರೆ, ಕಣ್ಣು ಕಾಣದಿದ್ದರೆ, ಪಕ್ಕದ ಮನೆಯ ಮಗುವನ್ನು ಕರೆದು ಓದಿಸಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಕೆಲಸ ಅರ್ಧಕ್ಕೆ ನಿಂತರೆ ಆ ಹಲಗೆಯ ಮೇಲೆ ನಡೆಯಬೇಕಾದದ್ದು ಅದೇ ಮಗು.